ಪೈಪ್ ಸೇದಲು ಹೊಸದಾಗಿ ತೊಡಗಿದವರು ಯಾವ ತಂಬಾಕಿನ ಮಿಶ್ರಣವನ್ನು ಆರಿಸಿಕೊಳ್ಳಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಡೆಯವನು, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನೆಲೆಸಿದ್ದೇನೆ. ವಯಸ್ಸು ನಲವತ್ತು ದಾಟಿದೆ, ಸಿಗರೇಟಿನ ಅಭ್ಯಾಸ ಎಂದೂ ಇರಲಿಲ್ಲ. ಇಲ್ಲಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಮಿಸೌರಿ ನದಿಯ ದಂಡೆಯ ಮೇಲೆ ವಾಷಿಂಗ್ಟನ್ ಎಂಬ ಸಣ್ಣ ಪಟ್ಟಣವಿದೆ. ಮೆಕ್ಕೆಜೋಳದ ದಿಂಡಿನಿಂದ ಪೈಪ್ ತಯಾರಿಸುವ ಮಿಸೌರಿ ಮೀರ್‌ಶಾಮ್ ಕಾರ್ಖಾನೆ 1869ರಿಂದಲೂ ಅಲ್ಲಿಯೇ ಇದೆ. ಆ ಊರಿಗೆ ಹೋದಾಗ ಒಂದು ದಿಂಡಿನ ಪೈಪ್ ಕೊಂಡು ತಂದೆ, ನನ್ನ ಆಸಕ್ತಿ ಆರಂಭವಾದದ್ದು ಹಾಗೆ.

ಪೈಪ್ ಆರಿಸುವುದು ಸುಲಭವಾಯಿತು, ತಂಬಾಕು ಆರಿಸುವುದು ಹಾಗಾಗುತ್ತಿಲ್ಲ. ಅಂಗಡಿಯ ಗೋಡೆಯ ತುಂಬ ಡಬ್ಬಿಗಳಿವೆ. ಒಂದರ ಮೇಲೆ ಹಡಗಿನ ಚಿತ್ರ, ಇನ್ನೊಂದರ ಮೇಲೆ ವೆನಿಲಾ, ಚೆರ್ರಿ, ವಿಸ್ಕಿ ಎಂಬ ಹೆಸರು. ಮೂಗಿಗೆ ಬಹಳ ಹಿಡಿಸಿದ ಒಂದು ವೆನಿಲಾ ಪರಿಮಳದ ತಂಬಾಕನ್ನು ತೂಕದ ಲೆಕ್ಕದಲ್ಲಿ ತಂದೆ. ಪೊಟ್ಟಣ ತೆರೆದಾಗ ಇದ್ದ ಪರಿಮಳ ಬಾಯಿಗೆ ಬರಲೇ ಇಲ್ಲ. ಬಿಸಿಯಾದ, ತೇವದ ಹೊಗೆಯಷ್ಟೇ ಬಂದಿತು, ಮರುದಿನದವರೆಗೂ ನಾಲಿಗೆಯ ತುದಿ ಉರಿಯುತ್ತಿತ್ತು. ಡಬ್ಬಿಯ ಮೇಲಿನ ಬರಹದಿಂದ ಒಳಗಿನ ಸ್ವಭಾವವನ್ನು ತಿಳಿಯುವುದು ಹೇಗೆ, ಯಾವುದರಿಂದ ಆರಂಭಿಸಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಕೆಂಪುಹೆಂಚು:

ತುಂಗಾತೀರ ಅವರೇ, ನಾನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದೇನೆ, ಪೈಪ್ ಹಿಡಿದು ಬಹಳ ಕಾಲವಾಯಿತು. ನನ್ನ ಖಚಿತವಾದ ಅಭಿಪ್ರಾಯವೆಂದರೆ, ಹೊಸಬರು ಪರಿಮಳದ ಹೆಸರನ್ನು ಬದಿಗಿಟ್ಟು ಎಲೆಯ ಹೆಸರನ್ನು ಓದಲು ಕಲಿಯಬೇಕು. ನೀವು ತಂದದ್ದು ಅರೋಮ್ಯಾಟಿಕ್ ಎಂದು ಕರೆಯುವ ವರ್ಗದ ತಂಬಾಕು. ಅದರಲ್ಲಿ ಎಲೆಗೆ ಮೇಲಿನಿಂದ ಸುಗಂಧವನ್ನು ಲೇಪಿಸಿ, ಒಣಗದಂತೆ ಪ್ರೊಪಿಲೀನ್ ಗ್ಲೈಕಾಲ್‌ನಂಥ ವಸ್ತುವನ್ನು ಸೇರಿಸಿರುವುದು ಸಾಮಾನ್ಯ. ಸುಗಂಧವನ್ನು ಹೆಚ್ಚಾಗಿ ಅನುಭವಿಸುವವರು ಅದೇ ಕೋಣೆಯಲ್ಲಿರುವ ಇತರರು. ಸೇದುವವರ ಬಾಯಿಗೆ ಬರುವುದು ಆ ತೇವ ಆವಿಯಾಗಿ ಹುಟ್ಟಿದ ಬಿಸಿ. ರುಚಿ ಸಿಗಲಿಲ್ಲವೆಂದು ಸೇದುವವರು ಇನ್ನೂ ಜೋರಾಗಿ ಎಳೆಯುತ್ತಾರೆ, ಬಿಸಿ ಮತ್ತಷ್ಟು ಏರುತ್ತದೆ, ನಾಲಿಗೆ ಉರಿಯುತ್ತದೆ.

ಮಿಶ್ರಣಗಳ ಬೆನ್ನೆಲುಬು ವರ್ಜೀನಿಯಾ ಎಲೆ. ಇದರಲ್ಲಿ ಸಹಜವಾದ ಸಕ್ಕರೆ ಹೆಚ್ಚು. ಹೊಂಬಣ್ಣದ ಎಲೆಯಲ್ಲಿ ಒಣಹುಲ್ಲಿನ ಮತ್ತು ನಿಂಬೆಸಿಪ್ಪೆಯ ಛಾಯೆ ಇರುತ್ತದೆ. ಕೆಂಪು ಬಣ್ಣದ ಎಲೆಯಲ್ಲಿ ಒಣಹಣ್ಣಿನ, ಹೊಸದಾಗಿ ಬೇಯಿಸಿದ ಬ್ರೆಡ್ಡಿನ ಛಾಯೆ ಬರುತ್ತದೆ. ಈ ಸಕ್ಕರೆಯ ಕಾರಣದಿಂದಲೇ ಅವಸರದಲ್ಲಿ ಸೇದಿದರೆ ಅದು ನಾಲಿಗೆಯನ್ನು ಕಚ್ಚುತ್ತದೆ, ನಿಧಾನವಾಗಿ ಸೇದಿದರೆ ಅದಕ್ಕಿಂತ ಸ್ವಚ್ಛವಾದ ರುಚಿ ಇನ್ನೊಂದಿಲ್ಲ. ಬರ್ಲಿ ಎಲೆಯಲ್ಲಿ ಸಕ್ಕರೆ ಅತ್ಯಲ್ಪ. ಕಡಲೆಕಾಯಿ, ಕೋಕೋ ನೆನಪಿಸುವ ಒಣ ರುಚಿ ಅದರದು, ನಿಕೋಟಿನ್ ಸಾಮಾನ್ಯವಾಗಿ ಹೆಚ್ಚು. ಓರಿಯೆಂಟಲ್ ಎಂಬುದು ಟರ್ಕಿ, ಗ್ರೀಸ್ ಕಡೆಯ ಸಣ್ಣ ಎಲೆ, ಬಿಸಿಲಿನಲ್ಲಿ ಒಣಗಿಸಿದ್ದು. ಕ್ಯಾವೆಂಡಿಶ್ ಎಂಬುದು ಎಲೆಯ ತಳಿಯಲ್ಲ. ಎಲೆಯನ್ನು ಆವಿ, ಶಾಖ, ಒತ್ತಡಗಳಲ್ಲಿ ಹದಗೊಳಿಸುವ ವಿಧಾನ ಎಂಬುದನ್ನು ನೆನಪಿಡಿ.

ಲಟಾಕಿಯಾದ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು, ಏಕೆಂದರೆ ಹೊಸಬರು ಇದನ್ನು ಮೊದಲ ಬಾರಿಗೆ ಮೂಸಿದಾಗ ಒಂದೋ ತಕ್ಷಣ ಮೆಚ್ಚುತ್ತಾರೆ, ಇಲ್ಲವೇ ಡಬ್ಬಿಯನ್ನೇ ಮುಚ್ಚಿಬಿಡುತ್ತಾರೆ. ಸಿರಿಯಾದ ಬಂದರು ನಗರದಿಂದ ಇದಕ್ಕೆ ಆ ಹೆಸರು ಬಂದಿತು; ನಂತರದ ಕಾಲದಲ್ಲಿ ಮಾರುಕಟ್ಟೆಗೆ ಬಂದದ್ದು ಹೆಚ್ಚಾಗಿ ಸೈಪ್ರಸ್ಸಿನದು. ಓರಿಯೆಂಟಲ್ ಜಾತಿಯ ಎಲೆಯನ್ನೇ ಮುಚ್ಚಿದ ಕೊಟ್ಟಿಗೆಯಲ್ಲಿ ತೂಗುಹಾಕಿ, ಗಂಧವುಳ್ಳ ಪೊದೆಗಳ ಮತ್ತು ಮರಗಳ ಹೊಗೆಯನ್ನು ದೀರ್ಘಕಾಲ ಹಾಯಿಸುತ್ತಾರೆ. ಎಲೆ ಕಪ್ಪಾಗುತ್ತದೆ, ಅದರಲ್ಲಿ ಕಟ್ಟಿಗೆ ಒಲೆಯ ಹೊಗೆ, ಚರ್ಮ, ಧೂಪಗಳ ವಾಸನೆ ನೆಲೆಸುತ್ತದೆ. ಲಟಾಕಿಯಾ, ಓರಿಯೆಂಟಲ್, ವರ್ಜೀನಿಯಾ ಸೇರಿದ ಮಿಶ್ರಣವನ್ನು ಇಂಗ್ಲಿಷ್ ಮಿಶ್ರಣ ಎನ್ನುತ್ತಾರೆ. ವಾಸನೆ ಎಷ್ಟೇ ಉಗ್ರವಾಗಿದ್ದರೂ ಲಟಾಕಿಯಾ ತಣ್ಣಗೆ ಉರಿಯುವ ಎಲೆ, ನಾಲಿಗೆಗೆ ಕಷ್ಟ ಕೊಡುವುದು ಕಡಿಮೆ.

ಕೊನೆಯದು ಪೆರೀಕ್. ನಿಮ್ಮ ಮಿಸ್ಸಿಸ್ಸಿಪ್ಪಿ ನದಿಯ ಕೆಳಭಾಗದಲ್ಲಿ, ಲೂಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಶ್‌ನಲ್ಲಿ (ಅಲ್ಲಿ ಜಿಲ್ಲೆಗೆ ಪ್ಯಾರಿಶ್ ಎನ್ನುತ್ತಾರೆ), ಎಲೆಯನ್ನು ವಿಸ್ಕಿಯ ಪೀಪಾಯಿಗಳಲ್ಲಿ ತುಂಬಿ, ಸ್ಕ್ರೂ ಜ್ಯಾಕ್‌ಗಳಿಂದ ಒತ್ತಿ, ಅದರದೇ ರಸದಲ್ಲಿ ಸುಮಾರು ಒಂದು ವರ್ಷ ಹುಳಿಯಲು ಬಿಡುತ್ತಾರೆ. ಒಣದ್ರಾಕ್ಷಿ ಮತ್ತು ಮೆಣಸಿನ ಛಾಯೆಯುಳ್ಳ ಈ ಎಲೆಯನ್ನು ಒಗ್ಗರಣೆಯ ಇಂಗಿನಂತೆ ಅಲ್ಪ ಪ್ರಮಾಣದಲ್ಲಿ ಸೇರಿಸುತ್ತಾರೆ.

ನನ್ನ ಸಲಹೆ: ಗಾಢ ಸುಗಂಧವಿಲ್ಲದ ಒಂದು ವರ್ಜೀನಿಯಾ ಫ್ಲೇಕ್ ಮತ್ತು ಲಟಾಕಿಯಾ ಹಿತಮಿತವಾಗಿರುವ ಒಂದು ಇಂಗ್ಲಿಷ್ ಮಿಶ್ರಣ. ಮೊದಲನೆಯದಕ್ಕೆ ಡೆನ್ಮಾರ್ಕಿನ ಓರ್ಲಿಕ್ ಗೋಲ್ಡನ್ ಸ್ಲೈಸ್ಡ್, ಎರಡನೆಯದಕ್ಕೆ ಹಿಂದೆ ಡನ್‌ಹಿಲ್ ಹೆಸರಿನಲ್ಲಿದ್ದು ಈಗ ಪೀಟರ್ಸನ್ ಹೆಸರಿನಲ್ಲಿ ಬರುವ ಅರ್ಲಿ ಮಾರ್ನಿಂಗ್ ಪೈಪ್ ಉತ್ತಮ ಆರಂಭವೆಂದು ಭಾವಿಸುತ್ತೇನೆ.

ಮಲೆಸೀಮೆ:

ಕೆಂಪುಹೆಂಚು ಸರ್ ಅವರ ವಿವರಣೆಯನ್ನು ಗೌರವಿಸುತ್ತೇನೆ, ಆದರೆ ಕೊನೆಯ ಸಲಹೆಯನ್ನು ಒಪ್ಪಲಾರೆ. ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಹೊಸದಾಗಿ ಪೈಪ್ ಹಿಡಿದ ಹಲವು ಸ್ನೇಹಿತರ ಜೊತೆ ಕುಳಿತು ನೋಡಿದ್ದೇನೆ. ವರ್ಜೀನಿಯಾ ಫ್ಲೇಕ್ ಎಂದರೆ ಒತ್ತಿ ಗಟ್ಟಿ ಮಾಡಿ ಪಟ್ಟಿಯಾಗಿ ಕತ್ತರಿಸಿದ ತಂಬಾಕು. ಅದನ್ನು ಬಿಡಿಸಿಕೊಳ್ಳುವುದು, ಒಣಗಿಸುವುದು, ತುಂಬುವುದು, ಹೊತ್ತಿಸುವುದು, ಆರದಂತೆ ಆದರೆ ಬಿಸಿಯಾಗದಂತೆ ಎಳೆಯುವುದು, ಇಷ್ಟನ್ನೂ ಒಟ್ಟಿಗೆ ಕಲಿಯಬೇಕಾದವರಿಗೆ ಅದು ತೀರಾ ಕಠಿಣ. ತುಂಗಾತೀರ ಅವರ ನಾಲಿಗೆ ಈಗಾಗಲೇ ಉರಿದಿದೆ. ಸಕ್ಕರೆ ಹೆಚ್ಚಿರುವ ಎಲೆಯನ್ನೇ ಮತ್ತೆ ಕೈಗಿಡುವುದು ಸರಿಯಲ್ಲ.

ಅಮೆರಿಕದ ಔಷಧದಂಗಡಿಗಳಲ್ಲಿ ಒಂದು ಕಾಲಕ್ಕೆ ಎಲ್ಲೆಡೆ ಸಿಗುತ್ತಿದ್ದ ಬರ್ಲಿ ಮಿಶ್ರಣಗಳು ಇಂದಿಗೂ ಹೊಸಬರಿಗೆ ಹೆಚ್ಚು ಅನುಕೂಲ. 1907ರಲ್ಲಿ ಮಾರುಕಟ್ಟೆಗೆ ಬಂದ ಪ್ರಿನ್ಸ್ ಆಲ್ಬರ್ಟ್ ಈಗಲೂ ಇದೆ, ಕಾರ್ಟರ್ ಹಾಲ್ ಕೂಡ ಇದೆ. ಇವು ಸಣ್ಣದಾಗಿ ಕತ್ತರಿಸಿ ಬರುತ್ತವೆ, ತೇವ ಸಾಕಷ್ಟು ಹದವಾಗಿರುತ್ತದೆ, ಬೆಂಕಿ ಸುಲಭವಾಗಿ ಹಿಡಿಯುತ್ತದೆ, ಬೆಲೆಯೂ ಹೆಚ್ಚಿಲ್ಲ. ತುಂಬುವುದರಲ್ಲಿ ಸಣ್ಣಪುಟ್ಟ ಕೊರತೆಯಾದರೂ ಸಹಿಸಿಕೊಳ್ಳುತ್ತವೆ. ಅಲ್ಲದೆ ದಿಂಡಿನ ಪೈಪಿಗೆ ಬರ್ಲಿ ಚೆನ್ನಾಗಿ ಹೊಂದುತ್ತದೆ. ಕೈ ಪಳಗಿದ ನಂತರ ಫ್ಲೇಕ್‌ಗೆ ಹೋಗಲಿ.

ಅರೋಮ್ಯಾಟಿಕ್ ಎಲ್ಲವೂ ಕೆಟ್ಟದ್ದೆಂದು ಹೇಳುವುದನ್ನೂ ನಾನು ಒಪ್ಪುವುದಿಲ್ಲ. ಸುಗಂಧವನ್ನು ಮಿತವಾಗಿ ಲೇಪಿಸಿದ, ಒಳಗಿನ ಎಲೆ ಚೆನ್ನಾಗಿರುವ ಅರೋಮ್ಯಾಟಿಕ್‌ಗಳೂ ಇವೆ. ಬೆರಳಿನಲ್ಲಿ ಹಿಸುಕಿದಾಗ ಅಂಟಂಟಾಗಿ ಉಂಡೆ ಕಟ್ಟುವಂಥದ್ದನ್ನು ಮಾತ್ರ ತಪ್ಪಿಸಿ.

ಲಕ್ಷ್ಮಣತೀರ್ಥ:

ನಾನು ಪೈಪ್ ಸೇದುವವನಲ್ಲ. ಹುಣಸೂರು ತಾಲ್ಲೂಕಿನವನು, ನಮ್ಮ ಮನೆಯಲ್ಲಿ ಹೊಗೆಸೊಪ್ಪು ಬೆಳೆದು, ಬ್ಯಾರನ್‌ನಲ್ಲಿ, ಅಂದರೆ ಎಲೆ ಹದಗೊಳಿಸುವ ಕಟ್ಟಡದಲ್ಲಿ, ಬೇಯಿಸಿ ಹರಾಜಿಗೆ ಹಾಕುತ್ತೇವೆ. ಇಲ್ಲಿ ಸಕ್ಕರೆಯ ಮಾತು ಬಂದಿರುವುದರಿಂದ, ಅದು ಒಂದು ಎಲೆಯಲ್ಲಿ ಉಳಿದು ಇನ್ನೊಂದರಲ್ಲಿ ಏಕೆ ಉಳಿಯುವುದಿಲ್ಲ ಎಂಬುದನ್ನು ಹೇಳಬಲ್ಲೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬೆಳೆಯುವುದು ವರ್ಜೀನಿಯಾ ಜಾತಿಯೇ. ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್‌ನೊಳಗೆ ಸಾಲಾಗಿ ತೂಗುಹಾಕುತ್ತೇವೆ. ಹೊರಗೆ ಸೌದೆ ಉರಿಯುತ್ತದೆ. ಶಾಖ ಕಬ್ಬಿಣದ ಕೊಳವೆಗಳ ಮೂಲಕ ಒಳಗೆ ಹರಡುತ್ತದೆ, ಹೊಗೆ ಎಲೆಗೆ ತಗಲುವುದಿಲ್ಲ. ಮೊದಲು 35ರಿಂದ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲೆ ಹಳದಿಯಾಗಲು ಬಿಡಬೇಕು. ಆ ಹೊತ್ತಿನಲ್ಲಿ ಎಲೆ ಇನ್ನೂ ಜೀವಂತವಾಗಿದ್ದು, ಒಳಗಿನ ಪಿಷ್ಟ ಸಕ್ಕರೆಯಾಗಿ ಮಾರ್ಪಡುತ್ತದೆ. ನಂತರ ಹಂತಹಂತವಾಗಿ ಶಾಖ ಏರಿಸಿ, ಕೊನೆಗೆ ಸುಮಾರು 70 ಡಿಗ್ರಿಯಲ್ಲಿ ಎಲೆಯ ನಡುನರವನ್ನು ಒಣಗಿಸಿದರೆ ಆ ಸಕ್ಕರೆ ಹಾಗೆಯೇ ಉಳಿಯುತ್ತದೆ. ಇಡೀ ಕೆಲಸ ಐದಾರು ದಿನಗಳದ್ದು. ರಾತ್ರಿಯೂ ಎಚ್ಚರವಿದ್ದು ಉರಿ ನೋಡಬೇಕು. ಹಳದಿಯಾಗುವ ಮೊದಲೇ ಶಾಖ ಏರಿದರೆ ಎಲೆ ಹಸಿರಾಗಿಯೇ ಉಳಿದುಬಿಡುತ್ತದೆ, ತಡವಾದರೆ ಕಂದು ಬಣ್ಣಕ್ಕೆ ತಿರುಗುತ್ತದೆ, ಎರಡಕ್ಕೂ ಹರಾಜಿನಲ್ಲಿ ಬೆಲೆ ಇಲ್ಲ. ಬರ್ಲಿಯನ್ನಾದರೆ ಬೆಂಕಿಯಿಲ್ಲದೆ ಗಾಳಿಯಾಡುವ ಚಪ್ಪರದಲ್ಲಿ ಆರರಿಂದ ಎಂಟು ವಾರ ನೇತುಹಾಕುತ್ತಾರೆ. ಎಲೆ ನಿಧಾನವಾಗಿ ಸಾಯುತ್ತಾ ತನ್ನ ಸಕ್ಕರೆಯನ್ನು ತಾನೇ ಬಳಸಿ ಮುಗಿಸುತ್ತದೆ. ನೀವು ಹೇಳುವ ಲಟಾಕಿಯಾದಲ್ಲಿ ಹೊಗೆ ಎಲೆಗೆ ತಗಲಬೇಕೆಂಬುದೇ ಉದ್ದೇಶ, ನಮ್ಮಲ್ಲಿ ತಗಲಬಾರದೆಂಬುದು.

ಇನ್ನೊಂದು ಸಂಗತಿ: ಒಂದೇ ಗಿಡದಲ್ಲಿ ಬುಡದ ಎಲೆ ತೆಳ್ಳಗೆ, ನಿಕೋಟಿನ್ ಕಡಿಮೆ, ತುದಿಯ ಎಲೆ ದಪ್ಪ, ನಿಕೋಟಿನ್ ಹೆಚ್ಚು. ಆದ್ದರಿಂದ ಎರಡು ಡಬ್ಬಿಗಳ ಮೇಲೆ ವರ್ಜೀನಿಯಾ ಎಂದೇ ಬರೆದಿದ್ದರೂ ಕಡುಪು ಒಂದೇ ಆಗಿರಬೇಕೆಂದಿಲ್ಲ.

ಘಟಪ್ರಭಾ:

ಒಂದು ಉಪಪ್ರಶ್ನೆ ಕೇಳಲು ಅನುಮತಿ ಇರಲಿ. ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಂಬಾಕಿಗೆ ಹೆಸರಾದ ಊರು. ಆ ತಂಬಾಕನ್ನು ಪೈಪಿನಲ್ಲಿ ಬಳಸಬಹುದೇ? ಆಮದಾದ ಡಬ್ಬಿಗಳು ಇಲ್ಲಿ ದುಬಾರಿ, ಸಿಗುವುದೂ ಕಷ್ಟ.

ಲಕ್ಷ್ಮಣತೀರ್ಥ:

ಘಟಪ್ರಭಾ ಅವರೇ, ಅದು ಬೀಡಿ ತಂಬಾಕು. ಬಿಸಿಲಿನಲ್ಲಿ ಒಣಗಿಸಿ ಪುಡಿಪುಡಿಯಾಗಿ ಒಡೆದದ್ದು, ಸಕ್ಕರೆ ಕಡಿಮೆ, ನಿಕೋಟಿನ್ ಬಹಳ ಹೆಚ್ಚು. ಬೀಡಿಯಲ್ಲಿ ಹಿಡಿಯುವುದು ಒಂದು ಚಿಟಿಕೆ, ಪೈಪಿನ ಬಟ್ಟಲಿನಲ್ಲಿ ಅದರ ಅನೇಕ ಪಟ್ಟು ಹಿಡಿಯುತ್ತದೆ. ಪೈಪಿನವರು ಎಲೆಯನ್ನು ಒತ್ತಿ, ಹುಳಿಯಿಸಿ, ವರ್ಷಗಟ್ಟಲೆ ಮಾಗಿಸುವ ಯಾವ ಸಂಸ್ಕಾರವೂ ಅದಕ್ಕೆ ಆಗಿರುವುದಿಲ್ಲ. ದಯವಿಟ್ಟು ಪ್ರಯತ್ನಿಸಬೇಡಿ.

ದಂತವೈದ್ಯೆ:

ನಾನು ದಾವಣಗೆರೆಯಲ್ಲಿ ದಂತವೈದ್ಯೆ. ಚರ್ಚೆಯನ್ನು ತಡೆಯಲು ಬಂದಿಲ್ಲ, ಆದರೆ ಮಿಶ್ರಣ ಆರಿಸುವವರು ತಿಳಿದಿರಲೇಬೇಕಾದ ಕೆಲವು ವಿಷಯಗಳು ಇಲ್ಲಿ ಇನ್ನೂ ಬಂದಿಲ್ಲ.

ಪೈಪಿನ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲವಾದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ನಿಜವಲ್ಲ. ಪೈಪ್ ಸೇದುವುದರಿಂದ ತುಟಿಯ ಕ್ಯಾನ್ಸರ್ ಬರುತ್ತದೆ ಎಂಬುದನ್ನು ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ 1964ರ ವರದಿಯೇ ಹೇಳಿತ್ತು. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಶ್ವಾಸಕೋಶಗಳ ಕ್ಯಾನ್ಸರಿನ ಅಪಾಯವೂ ಇದೆ. ಸುಗಂಧ ಲೇಪಿಸಿದ್ದಾಗಲಿ ಲೇಪಿಸದ ಶುದ್ಧ ಎಲೆಯಾಗಲಿ, ಈ ವಿಷಯದಲ್ಲಿ ಸುರಕ್ಷಿತವಾದ ಮಿಶ್ರಣ ಎಂಬುದು ಇಲ್ಲ. ಇನ್ನೂ ಆರಂಭಿಸದೆ ಸುಮ್ಮನೆ ಓದುತ್ತಿರುವವರು ಆರಂಭಿಸದಿರುವುದೇ ಒಳ್ಳೆಯದು ಎಂದು ಮನಸ್ಸಿನಿಂದ ಹೇಳುತ್ತೇನೆ. ಅಮೆರಿಕದಲ್ಲಿ 2019ರ ಕೊನೆಯಿಂದ, ಈಗ ಕರ್ನಾಟಕದಲ್ಲಿಯೂ, 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ.

ನಿಕೋಟಿನ್ ಬಗ್ಗೆ: ಬರ್ಲಿಯಂಥ ಎಲೆಗಳ ಹೊಗೆ ಕ್ಷಾರೀಯವಾಗಿರುತ್ತದೆ, ಕ್ಷಾರೀಯ ಹೊಗೆಯ ನಿಕೋಟಿನ್ ಬಾಯಿಯ ಒಳಪೊರೆಯಿಂದಲೇ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಹೊಗೆ ನುಂಗದಿದ್ದರೂ ಚಟ ಹತ್ತಬಹುದು. ತಲೆ ಸುತ್ತುವುದು, ತಣ್ಣನೆಯ ಬೆವರು, ವಾಕರಿಕೆ ಕಾಣಿಸಿಕೊಂಡರೆ ಕೂಡಲೇ ಪೈಪ್ ಕೆಳಗಿಡಬೇಕು. ನಾಲಿಗೆಯ ಉರಿಯನ್ನು ಅಭ್ಯಾಸವಾದರೆ ಹೋಗುತ್ತದೆ ಎಂದು ಸಹಿಸಬಾರದು. ಉರಿ ಪೂರ್ತಿ ಇಳಿಯುವವರೆಗೆ ಸೇದಬಾರದು. ಪೈಪ್ ಸೇದುವವರಲ್ಲಿ ಅಂಗುಳ ಬಿಳಿಚಿಕೊಂಡು, ಅದರ ಮೇಲೆ ಕೆಂಪು ಚುಕ್ಕೆಗಳು ಮೂಡುವುದನ್ನು ನಾವು ಕಾಣುತ್ತೇವೆ. ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ವಾರಗಳಲ್ಲಿ ಮಾಯದ ಹುಣ್ಣು ಕಂಡರೆ ತಡಮಾಡದೆ ತೋರಿಸಿ. ಮನೆಯಲ್ಲಿ ಮಕ್ಕಳಿದ್ದರೆ ಒಳಗೆ ಸೇದಬೇಡಿ. ಹೊಗೆಯ ಪರಿಮಳ ಹಿತವಾಗಿದ್ದ ಮಾತ್ರಕ್ಕೆ ಅದರ ಹಾನಿ ಕಡಿಮೆಯಾಗುವುದಿಲ್ಲ.

ತುಂಗಾತೀರ:

ಡಾಕ್ಟರ್ ಮೇಡಂ, ನಿಮ್ಮ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದೇನೆ. ಸೇದುವುದನ್ನು ವಾರಕ್ಕೊಮ್ಮೆಗೆ, ಮನೆಯ ಹೊರಗಿನ ಜಗುಲಿಗೆ ಸೀಮಿತಗೊಳಿಸುತ್ತೇನೆ, ಬಾಯಿಯ ತಪಾಸಣೆಗೂ ಸಮಯ ಗೊತ್ತುಪಡಿಸಿದ್ದೇನೆ.

ಮಲೆಸೀಮೆ ಅವರ ಸಲಹೆಯಂತೆ ಬರ್ಲಿಯಿಂದ ಆರಂಭಿಸಿ, ಅದರ ಜೊತೆಯಲ್ಲಿ ಒಂದೇ ಒಂದು ಫ್ಲೇಕ್ ಡಬ್ಬಿಯನ್ನು ತರಬೇಕೆಂದಿದ್ದೇನೆ. ಮೂರು ಸಂದೇಹಗಳು ಉಳಿದಿವೆ. ಫ್ಲೇಕ್ ಅನ್ನು ಎಷ್ಟು ಒಣಗಿಸಬೇಕು? ಒಂದೇ ಪೈಪಿನಲ್ಲಿ ಎಲ್ಲ ಬಗೆಯ ತಂಬಾಕನ್ನೂ ಸೇದಬಹುದೇ? ಕಡುಪು ಎಷ್ಟೆಂಬುದು ಡಬ್ಬಿಯಿಂದ ತಿಳಿಯುತ್ತದೆಯೇ?

ಕೆಂಪುಹೆಂಚು:

ಮಲೆಸೀಮೆ ಅವರು ಎತ್ತಿದ ಆಕ್ಷೇಪದಲ್ಲಿ ಹುರುಳಿದೆ. ದಿಂಡಿನ ಪೈಪ್ ಇರುವವರಿಗೆ ಬರ್ಲಿಯ ಆರಂಭ ಸುಗಮ ಎಂಬುದನ್ನು ಒಪ್ಪುತ್ತೇನೆ. ಆದರೂ ಎರಡನೆಯ ಡಬ್ಬಿ ಫ್ಲೇಕ್ ಆಗಿರಲಿ ಎಂಬ ನನ್ನ ಮಾತಿಗೆ ಅಂಟಿಕೊಳ್ಳುತ್ತೇನೆ, ಏಕೆಂದರೆ ನಿಧಾನವಾಗಿ ಸೇದುವುದನ್ನು ಕಲಿಸುವ ತಂಬಾಕು ಅದೇ. ಬರ್ಲಿ ಅವಸರವನ್ನು ಮನ್ನಿಸುತ್ತದೆ, ಮನ್ನಿಸುವುದರಿಂದಲೇ ಅವಸರ ಹಾಗೆಯೇ ಉಳಿದುಬಿಡುತ್ತದೆ.

ಒಣಗಿಸುವ ವಿಷಯದಲ್ಲಿ ಗಡಿಯಾರಕ್ಕಿಂತ ಬೆರಳನ್ನು ನಂಬಿ. ಫ್ಲೇಕ್ ಪಟ್ಟಿಯನ್ನು ಅಂಗೈಗಳ ನಡುವೆ ಉಜ್ಜಿ ಪೂರ್ತಿ ಬಿಡಿಸಿ, ಕಾಗದದ ಮೇಲೆ ಹರಡಿ. ಚಿಟಿಕೆಯಷ್ಟನ್ನು ಹಿಸುಕಿ ಬಿಟ್ಟಾಗ ಉಂಡೆಯಾಗಿ ನಿಲ್ಲದೆ ಮೆಲ್ಲನೆ ಅರಳಬೇಕು, ಮುಟ್ಟಿದರೆ ತಣ್ಣಗಿನ ತೇವ ತಿಳಿಯಬಾರದು, ಆದರೆ ಪುಡಿಯಾಗಲೂಬಾರದು. ನಿಮ್ಮ ಊರಿನ ಬೇಸಿಗೆಯ ಸೆಕೆಯಲ್ಲಿ ಇದಕ್ಕೆ ಒಂದು ಗಂಟೆಗಿಂತ ಹೆಚ್ಚು ಹಿಡಿಯಬಹುದು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಯಂತ್ರ ನಡೆಯುತ್ತಿದ್ದರೆ ಬೇಗ ಒಣಗುತ್ತದೆ. ನಮ್ಮ ಕಡೆಯ ಕೆಂಡಲ್ ಪಟ್ಟಣದ ಸ್ಯಾಮ್ಯುಯೆಲ್ ಗಾವಿತ್ ಫ್ಲೇಕ್‌ಗಳು ಬಹಳ ತೇವದಿಂದ ಕೂಡಿ ಬರುವುದಕ್ಕೆ ಹೆಸರಾದವು, ಅವುಗಳಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಬಟ್ಟಲಿನ ತಳದಲ್ಲಿ ಸಡಿಲವಾಗಿ, ಮೇಲಕ್ಕೆ ಬಂದಂತೆ ಸ್ವಲ್ಪ ಬಿಗಿಯಾಗಿ ತುಂಬಿ. ಮೊದಲ ಬಾರಿ ಹೊತ್ತಿಸಿದಾಗ ತಂಬಾಕು ಮೇಲೆದ್ದು ಆರುತ್ತದೆ. ಟ್ಯಾಂಪರ್ ಎಂಬ ಒತ್ತುವ ಸಣ್ಣ ಸಾಧನದಿಂದ ಹಗುರವಾಗಿ ಸಮಮಾಡಿ ಎರಡನೆಯ ಬಾರಿ ಹೊತ್ತಿಸಿ. ನಡುವೆ ಆರಿದರೆ ಮತ್ತೆ ಹೊತ್ತಿಸುವುದರಲ್ಲಿ ಯಾವ ಕೊರತೆಯೂ ಇಲ್ಲ. ಆರಬಾರದೆಂದು ಎಳೆಯುತ್ತಲೇ ಇರುವುದರಿಂದ ಬಟ್ಟಲು ಕೆನ್ನೆಗೆ ತಾಗಿಸಲಾಗದಷ್ಟು ಬಿಸಿಯಾದರೆ, ಕೆಳಗಿಟ್ಟು ತಣ್ಣಗಾಗಲು ಬಿಡಿ.

ಪೈಪಿನ ಪ್ರಶ್ನೆ: ಬರ್ಲಿ ಮತ್ತು ವರ್ಜೀನಿಯಾ ಒಂದೇ ಪೈಪಿನಲ್ಲಿ ನಡೆಯುತ್ತವೆ. ಲಟಾಕಿಯಾ, ಗಾಢವಾದ ಅರೋಮ್ಯಾಟಿಕ್, ಮತ್ತು ಕೆಂಡಲ್‌ನ ಹೂವಿನ ಸುಗಂಧದ ತಂಬಾಕುಗಳು ಬಟ್ಟಲಿನ ಗೋಡೆಯಲ್ಲಿ ತಮ್ಮ ವಾಸನೆಯನ್ನು ಬಿಟ್ಟುಹೋಗುತ್ತವೆ, ಮುಂದೆ ಅದರಲ್ಲಿ ಸೇದಿದ ಸೂಕ್ಷ್ಮವಾದ ವರ್ಜೀನಿಯಾದ ರುಚಿ ತಿಳಿಯದಂತಾಗುತ್ತದೆ. ಅವಕ್ಕೆ ಪ್ರತ್ಯೇಕ ಪೈಪ್ ಇಡಿ. ದಿಂಡಿನ ಪೈಪ್ ಅಗ್ಗವಾಗಿರುವುದರಿಂದ ನಿಮಗೆ ಇದು ಹೊರೆಯಾಗದು.

ಕಡುಪನ್ನು ಡಬ್ಬಿ ನೇರವಾಗಿ ಹೇಳುವುದು ಅಪರೂಪ. ಡಾರ್ಕ್ ಫೈರ್ಡ್, ಕೆಂಟಕಿ, ರೋಪ್, ಟ್ವಿಸ್ಟ್ ಎಂಬ ಪದಗಳು ಕಂಡರೆ ನಿಕೋಟಿನ್ ಪ್ರಬಲವಾಗಿದೆಯೆಂದು ತಿಳಿಯಿರಿ. ಗಾವಿತ್ ಅವರ 1792 ಫ್ಲೇಕ್ ಅಂಥದ್ದು. ಆ ಸಂಸ್ಥೆ ಆರಂಭವಾದ ವರ್ಷವೇ ಅದರ ಹೆಸರು. ಅದನ್ನು ಹೊಸಬರು ಮುಟ್ಟದಿರುವುದು ಕ್ಷೇಮ. ಊಟವಾಗದೆ ಬರಿಹೊಟ್ಟೆಯಲ್ಲಿ ಯಾವುದನ್ನೂ ಸೇದಬೇಡಿ.

ಮಲೆಸೀಮೆ:

ಒಂದು ಮಾತು ಸೇರಿಸುತ್ತೇನೆ. ವಾರಕ್ಕೊಮ್ಮೆ ಸೇದುವವರಿಗೆ 50 ಗ್ರಾಂ ಡಬ್ಬಿ ತಿಂಗಳುಗಟ್ಟಲೆ ಬರುತ್ತದೆ. ಡಬ್ಬಿಯ ಮೊಹರು ಒಡೆದ ಮೇಲೆ ಅದು ಗಾಳಿಯನ್ನು ತಡೆಯುವುದಿಲ್ಲ, ಆದ್ದರಿಂದ ಉಳಿದದ್ದನ್ನು ರಬ್ಬರ್ ಬಿಗಿಮುಚ್ಚಳದ ಗಾಜಿನ ಜಾಡಿಗೆ ವರ್ಗಾಯಿಸಿ, ಮಕ್ಕಳ ಕೈಗೆ ಸಿಗದ ಕತ್ತಲ ಜಾಗದಲ್ಲಿಡಿ. ವರ್ಜೀನಿಯಾ ಇಟ್ಟಷ್ಟೂ ಮಾಗುತ್ತದೆ, ಹಸಿಹುಲ್ಲಿನ ಒರಟುತನ ಹೋಗಿ ಒಣಹಣ್ಣಿನ ಸವಿ ಬರುತ್ತದೆ. ಲಟಾಕಿಯಾದ ಹೊಗೆವಾಸನೆ ವರ್ಷಗಳು ಕಳೆದಂತೆ ಮಂದವಾಗುತ್ತದೆ. ಅಂಗಡಿಯವರು ರಿಯಾಯಿತಿ ಕೊಟ್ಟರೆಂದು ಒಂದೇ ಬಾರಿಗೆ ಹತ್ತಾರು ಡಬ್ಬಿಗಳನ್ನು ಕೊಳ್ಳಬೇಡಿ. ಮನೆಯಲ್ಲಿ ಹೆಚ್ಚಿದ್ದಷ್ಟೂ ಹೆಚ್ಚು ಸೇದುವಂತಾಗುತ್ತದೆ.

ತುಂಗಾತೀರ:

ಎಲ್ಲರಿಗೂ ಕೃತಜ್ಞತೆಗಳು. ನಾಲಿಗೆ ಪೂರ್ತಿ ಸರಿಯಾದ ಮೇಲೆಯೇ ಬರ್ಲಿಯನ್ನು ಸೇದಿದೆ. ಉರಿಯಲಿಲ್ಲ, ಹುರಿದ ಕಡಲೆಯ ರುಚಿ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿತ್ತು. ಫ್ಲೇಕ್ ಹಾಗಿಲ್ಲ. ಪೂರ್ತಿ ಬಿಡಿಸಿ ಒಣಗಿಸಿದ ನಂತರ ಆರಂಭದಲ್ಲಿ ಹೆಚ್ಚೇನೂ ತಿಳಿಯಲಿಲ್ಲ, ಬಟ್ಟಲು ಅರ್ಧ ಮುಗಿದ ಮೇಲೆ ಕೆಂಪುಹೆಂಚು ಸರ್ ಹೇಳಿದ ಒಣಹುಲ್ಲಿನ ಸಿಹಿ ಕಾಣಿಸಿಕೊಂಡಿತು, ಎರಡು ಬಾರಿ ಆರಿದಾಗಲೂ ಎಳೆಯದೆ ಮತ್ತೆ ಹೊತ್ತಿಸಿದೆ. ಲಟಾಕಿಯಾವನ್ನು ಮೂಸಿ ನೋಡಿದ್ದೇನೆ, ಇಷ್ಟವಾಗಿದೆ. ವೆನಿಲಾ ತಂಬಾಕು ತುಂಬಿದ್ದ ಪೈಪನ್ನೇ ಅದಕ್ಕೆ ಬಳಸಬಹುದೇ?

ಕೆಂಪುಹೆಂಚು:

ಬಳಸಬೇಡಿ. ವೆನಿಲಾ ಮತ್ತು ಲಟಾಕಿಯಾ ಎರಡೂ ಒಂದನ್ನೊಂದು ಕೆಡಿಸುತ್ತವೆ. ಹೊಸ ದಿಂಡಿನ ಪೈಪೊಂದನ್ನು ತೆಗೆದುಕೊಳ್ಳಿ, ಲಟಾಕಿಯಾದ ಜಾಡಿಯನ್ನು ಫ್ಲೇಕ್‌ನ ಜಾಡಿಯಿಂದ ದೂರವಿಡಿ, ಮೊದಲ ಬಾರಿಗೆ ಬಟ್ಟಲನ್ನು ಅರ್ಧದಷ್ಟೇ ತುಂಬಿ.